ನಾಲ್ಕು ಮನೆಯ ಲೆಕ್ಕದಿಂದ ಮೆದುಳಿನ ಸ್ಕ್ಯಾನ್‌ವರೆಗೆ

ಮಕ್ಕಳಿಗೆ ಮೆದುಳಿನ ಬಗ್ಗೆ ಹೇಳಲು ಹೊರಟವರು ಸಾಮಾನ್ಯವಾಗಿ ಬಣ್ಣಬಣ್ಣದ ಸ್ಕ್ಯಾನ್ ಚಿತ್ರಗಳಿಂದ ಶುರು ಮಾಡುತ್ತಾರೆ. ನಾನು ಚಿತ್ರಗಳನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ತಲೆ ಬಿಚ್ಚದೆ ಒಳಗಿರುವುದು ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಮೊದಲು ಮಕ್ಕಳನ್ನು ಕಾಡಬೇಕು. ಆಮೇಲೆ ನೋಡಿದ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಟೆಕ್ನಿಶಿಯನ್. ಬಿಡುವಿದ್ದ ಶನಿವಾರಗಳಲ್ಲಿ ಇಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋಗಿ ಎಂಟು, ಒಂಬತ್ತನೇ ತರಗತಿ ಮಕ್ಕಳ ಜೊತೆ ಕೂರುತ್ತೇನೆ. ಕೆಲವರ ಮನೆಯಲ್ಲಿ ತುಳು, ಕೆಲವರದು ಕಲಬುರಗಿ, ವಿಜಯಪುರ ಕಡೆಯ ಕನ್ನಡ. ಹೊರಗೆ ಕಾಲಿಟ್ಟರೆ ಎಲ್ಲರಿಗೂ ಮರಾಠಿ, ಹಿಂದಿ. ತುಂಬಾ ಚುರುಕು ಮಕ್ಕಳು. ಆದರೆ ವಿಜ್ಞಾನ ಅಂದರೆ ಅವರಿಗೆ ಬೋರ್ಡ್ ಪರೀಕ್ಷೆಯ ಮಾರ್ಕ್ಸು, ಅಷ್ಟೇ. ಸುಮ್ನೆ ಮಾತಾಡಿದರೆ ತಲೆಯಾಡಿಸುತ್ತಾರೆ, ಏನೂ ಕೇಳುವುದಿಲ್ಲ. ಅದಕ್ಕೇ ಮೊದಲು ಕೈಗೆ ಕೆಲಸ ಕೊಡುತ್ತೇನೆ.

ಸ್ಕೇಲಿನ ಆಟ ಎಲ್ಲರಿಗೂ ಇಷ್ಟ. ಒಬ್ಬರು 30 ಸೆಂ.ಮೀ. ಸ್ಕೇಲನ್ನು ಮೇಲಿನ ತುದಿಯಲ್ಲಿ ಹಿಡಿದು, ಮುನ್ಸೂಚನೆ ಕೊಡದೆ ಬಿಡಬೇಕು. ಇನ್ನೊಬ್ಬರು ಸೊನ್ನೆಯ ಗೆರೆಯ ಹತ್ತಿರ ಬೆರಳು ಇಟ್ಟುಕೊಂಡು ಹಿಡಿಯಬೇಕು. 20 ಸೆಂ.ಮೀ.ನಲ್ಲಿ ಸಿಕ್ಕಿದರೆ ಸುಮಾರು 0.2 ಸೆಕೆಂಡು ಹಿಡಿದಿದೆ ಎಂದರ್ಥ. 15ರಲ್ಲಿ ಸಿಕ್ಕಿದರೆ 0.175. ಅಷ್ಟರಲ್ಲಿ ಕಣ್ಣು ಕಂಡ ಸುದ್ದಿ ತಲೆಯ ಹಿಂಭಾಗಕ್ಕೆ ಹೋಗಿ, ಅಲ್ಲಿಂದ ಕೈ ಆಡಿಸುವ ಭಾಗಕ್ಕೆ ಬಂದು, ಬೆನ್ನುಹುರಿಯಲ್ಲಿ ಇಳಿದು, ಬೆರಳಿಗೆ ತಲುಪಿರುತ್ತದೆ. ಕಣ್ಣು ಮುಂದೆ, ನೋಡುವ ಭಾಗ ಹಿಂದೆ ಅಂದ ಕೂಡಲೇ ಇಡೀ ಕ್ಲಾಸು ತಲೆಯ ಹಿಂಭಾಗ ಮುಟ್ಟಿ ನೋಡಿಕೊಳ್ಳುತ್ತದೆ. "ಅದನ್ನ ಹೇಗೆ ಕಂಡುಹಿಡಿದ್ರು?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನಗೆ ಬೇಕಾದ್ದು ಅದೇ.

ಆಗ ಎಕ್ಸ್‌ರೇ ಮಾತು ತೆಗೆಯುತ್ತೇನೆ. 1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಗನ್ ಎಕ್ಸ್‌ರೇ ಕಂಡುಹಿಡಿದ, ಹೆಂಡತಿಯ ಕೈಯ ಮೂಳೆಗಳ ಚಿತ್ರ ತೆಗೆದ. ಕೈಗೇನೋ ಅದು ಸಾಕು. ತಲೆಗೆ ಸಾಲದು. ಗಟ್ಟಿ ಬುರುಡೆಯ ನೆರಳಿನಲ್ಲಿ ಮೆತ್ತನೆಯ ಮೆದುಳು ಕಾಣಿಸುವುದೇ ಇಲ್ಲ. ಅದನ್ನು ಕಾಣುವಂತೆ ಮಾಡಿದ್ದು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್. ಆತ ಕೆಲಸ ಮಾಡುತ್ತಿದ್ದದ್ದು ಹಾಡಿನ ರೆಕಾರ್ಡುಗಳಿಗೆ ಹೆಸರಾದ ಇಎಂಐ ಕಂಪನಿಯಲ್ಲಿ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯ ಮೆದುಳಿನ ಸಿ.ಟಿ. ಸ್ಕ್ಯಾನ್ ಆಯಿತು. ಎಕ್ಸ್‌ರೇಯಿಂದಲೇ ಒಳಗನ್ನು ಅಡ್ಡ ಸೀಳಿದಂತೆ ತೋರಿಸುವ ಚಿತ್ರ ಅದು.

ಹೇಗೆ ಎಂಬುದನ್ನು ನಾನು ಹೇಳುವುದಿಲ್ಲ, ಲೆಕ್ಕ ಕೊಡುತ್ತೇನೆ. ಬೋರ್ಡಿನ ಮೇಲೆ ನಾಲ್ಕು ಮನೆಯ ಖಾಲಿ ಚೌಕ. ಮನೆಗಳಲ್ಲಿ ಇರಬೇಕಾದ ಅಂಕಿ ನನ್ನ ಪುಸ್ತಕದಲ್ಲಿ ಮಾತ್ರ. ಹೊರಗೆ ಮೊತ್ತ ಬರೆಯುತ್ತೇನೆ: ಮೇಲಿನ ಅಡ್ಡಸಾಲು 8, ಕೆಳಗಿನದು 9, ಎಡಗಡೆಯ ಕಂಬಸಾಲು 7, ಬಲಗಡೆಯದು 10. ಒಳಗೇನಿದೆ, ಹೇಳಿ.

ಒಮ್ಮೆ ಕಿಟಕಿ ಪಕ್ಕದ ಬೆಂಚಿನಿಂದ ಮೇಲೆ 5, 3, ಕೆಳಗೆ 2, 7 ಎಂದು ಉತ್ತರ ಬಂತು. ಸರಿ ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನವರು ಎದ್ದರು. "ಅಕ್ಕಾ, ನಮ್ದು 4, 4, 3, 6. ನಮ್ದೂ ಸರಿ ಬರ್ತದೆ!" ಕೂಡಿಸಿ ನೋಡಿದರೆ ಹೌದು, ಎರಡೂ ಸರಿ. ಜಗಳ ಶುರುವಾಯಿತು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಅಷ್ಟಾಗಿ ಮಾತಾಡದ ಹುಡುಗಿಯೊಬ್ಬಳು ಕೇಳಿದಳು: "ಅಕ್ಕ, ಓರೆಯಾಗಿ ಕೂಡಿಸಿದ್ರೆ ಎಷ್ಟು?" ಮೇಲಿನ ಎಡದಿಂದ ಕೆಳಗಿನ ಬಲಕ್ಕೆ 12 ಅಂದೆ. 5 ಮತ್ತು 7 ಸೇರಿದರೆ 12. 4 ಮತ್ತು 6 ಸೇರಿದರೆ 10. ಜಗಳ ಮುಗಿಯಿತು.

ಆ ಹುಡುಗಿ ಕೇಳಿದ್ದೇ ಸಿ.ಟಿ. ಯಂತ್ರ ಕೇಳುವ ಪ್ರಶ್ನೆ. ಎಕ್ಸ್‌ರೇ ಹಾಯಿಸಿದಾಗ ದಾರಿಯುದ್ದಕ್ಕೂ ಒಟ್ಟು ಎಷ್ಟು ತಡೆಯಾಯಿತು ಎಂಬ ಮೊತ್ತ ಮಾತ್ರ ಸಿಗುತ್ತದೆ. ಒಂದೆರಡು ದಿಕ್ಕಿನಿಂದ ಹಾಯಿಸಿದರೆ ಹಲವು ಉತ್ತರ ಹೊಂದುತ್ತವೆ. ಅದಕ್ಕೇ ಯಂತ್ರ ತಲೆಯ ಸುತ್ತ ತಿರುಗುತ್ತದೆ, ದಿಕ್ಕು ದಿಕ್ಕಿನಿಂದ ಮೊತ್ತ ತೆಗೆದುಕೊಳ್ಳುತ್ತದೆ. ಹೌನ್ಸ್‌ಫೀಲ್ಡನ ಮೊದಲ ಯಂತ್ರದ ಚೌಕದಲ್ಲಿ 80 ಸಾಲು, 80 ಕಂಬ, ಅಂದರೆ 6,400 ಮನೆ. ಈಗ ಸಾಮಾನ್ಯವಾಗಿ 512 ಸಾಲು, 512 ಕಂಬ. ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆ ಎಂದು ನೀರಿಗೆ ಹೋಲಿಸಿ ಪ್ರತಿ ಮನೆಗೂ ಒಂದು ಅಂಕಿ: ನೀರಿಗೆ 0, ಗಾಳಿಗೆ -1000, ಗಟ್ಟಿ ಮೂಳೆಗೆ 1000ದ ಆಸುಪಾಸು. ಅಂಕಿ ದೊಡ್ಡದಾದಷ್ಟೂ ಮನೆ ಬೆಳ್ಳಗೆ. ಗ್ರಾಫ್ ಹಾಳೆಯಲ್ಲಿ ನಾನು ಕೊಟ್ಟ ಅಂಕಿಗಳಿಗೆ ತಕ್ಕಂತೆ ಪೆನ್ಸಿಲಿನಿಂದ ಬಳಿದಾಗ ಬುರುಡೆಯ ಬಿಳಿ ಉಂಗುರ ಅವರ ಕೈಯಲ್ಲೇ ಮೂಡುತ್ತದೆ. ಈ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದರೂ ಅವಸರ ಮಾಡಬಾರದು.

ಎಂಆರ್‌ಐ ನನ್ನ ಕೆಲಸವೇ ಆದರೂ ಅದನ್ನು ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಎಕ್ಸ್‌ರೇ ಇಲ್ಲ. ದೇಹದ ನೀರಿನಲ್ಲಿರುವ ಹೈಡ್ರೋಜನ್, ದೊಡ್ಡ ಅಯಸ್ಕಾಂತ, ರೇಡಿಯೋ ಅಲೆ, ಇಷ್ಟೇ. ಅಯಸ್ಕಾಂತದ ಬಲವನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ. 1.5 ಟೆಸ್ಲಾ ಯಂತ್ರದ ಅಲೆ ಸುಮಾರು 64 ಮೆಗಾಹರ್ಟ್ಸ್, 3 ಟೆಸ್ಲಾದ್ದು ಸುಮಾರು 128. ನಾವು ಹಾಡು ಕೇಳುವ ಎಫ್‌ಎಂ 88ರಿಂದ 108, ಎರಡರ ನಡುವೆ. 1.5 ಟೆಸ್ಲಾ ಅಯಸ್ಕಾಂತದ ಬಲವೇ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಜಾಸ್ತಿ, ರಾತ್ರಿ ಕೂಡ ಆರುವುದಿಲ್ಲ. 2018ರಲ್ಲಿ ನಮ್ಮ ಮುಂಬೈಯಲ್ಲೇ ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದ ಒಬ್ಬ ಯುವಕನನ್ನು ಅಯಸ್ಕಾಂತ ಸಿಲಿಂಡರ್ ಸಮೇತ ಎಳೆದುಕೊಂಡು, ಆತ ಪ್ರಾಣ ಕಳೆದುಕೊಂಡ. ಇದನ್ನು ಮಕ್ಕಳಿಗೆ ಮುಚ್ಚಿಡದೆ ಹೇಳುತ್ತೇನೆ. ಅವರನ್ನು ಆ ಕೋಣೆಗೆ ಕರೆದುಕೊಂಡು ಹೋಗುವುದಿಲ್ಲ.

ಕೊನೆಗೆ ಲ್ಯಾಪ್‌ಟಾಪ್. ನಮ್ಮ ರೋಗಿಗಳ ಚಿತ್ರ ಹೆಸರು ಅಳಿಸಿಯೂ ತರುವುದಿಲ್ಲ, ಅದು ಅವರದು. ಲಂಡನ್ನಿನ ಆಸ್ಪತ್ರೆಗಳಲ್ಲಿ ಆರೋಗ್ಯವಂತರ ಮೆದುಳನ್ನು ಸ್ಕ್ಯಾನ್ ಮಾಡಿ, ಎಲ್ಲರಿಗೂ ಸಿಗುವಂತೆ ಇಟ್ಟಿರುವ ಐಎಕ್ಸ್‌ಐ ಸಂಗ್ರಹವಿದೆ. ಅದನ್ನು ತ್ರೀಡಿ ಸ್ಲೈಸರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಮೌಸನ್ನು ಮಕ್ಕಳಿಗೇ ಕೊಡುತ್ತೇನೆ. ಅಡ್ಡ ಸೀಳಿದ ಚಿತ್ರವನ್ನು ಡಾಕ್ಟರುಗಳು ಕಾಲಿನ ಕಡೆಯಿಂದ ನೋಡಿದಂತೆ ಇಡುತ್ತಾರೆ. ಹಾಗಾಗಿ ರೋಗಿಯ ಬಲ ನಮ್ಮ ಎಡಕ್ಕೆ ಬರುತ್ತದೆ. ಇದನ್ನು ತಾವೇ ಲೆಕ್ಕ ಹಾಕಿ ಹೇಳುವವರೂ ಇದ್ದಾರೆ.

ಓರೆ ಮೊತ್ತ ಕೇಳಿದ ಹುಡುಗಿಯ ತಾಯಿ ಒಂದು ಶನಿವಾರ ಶಾಲೆಗೆ ಬಂದಿದ್ದರು. "ಮೇಡಮ್ಮಾರ, ಡಾಕ್ಟರ್ ಓದಿಸೂದು ನಮ್ಮ ಕೈಲೆ ಆಗೂದಿಲ್ರಿ. ಈ ಮಷೀನ್ ಕೆಲಸಕ್ಕ ಏನು ಓದಬೇಕ್ರಿ?" ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಮೆಡಿಕಲ್ ಇಮೇಜಿಂಗ್ ಕೋರ್ಸಿಗೆ ಸೇರಬಹುದು ಎಂದೆ. ಫಿಸಿಕ್ಸ್ ಎಂಎಸ್ಸಿ ಮಾಡಿದರೆ ಇಲ್ಲೇ ಬಿಎಆರ್‌ಸಿಯಲ್ಲಿ, ಅಂದರೆ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ, ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಇದೆ. ಪವಾಯಿಯ ಐಐಟಿ ಆವರಣದಲ್ಲಿರುವ ಸಮೀರ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದ್ದೇ ಎಂಆರ್‌ಐ ಯಂತ್ರ ಕಟ್ಟುವ ಕೆಲಸವೂ ನಡೆದಿದೆ ಅಂದೆ.

"ಅದನ್ನ ಕಟ್ಟಬೇಕಂದ್ರ?" ಎಂದು ಮಗಳು ನಡುವೆ ಬಾಯಿ ಹಾಕಿದಳು.

ಫಿಸಿಕ್ಸ್, ಎಲೆಕ್ಟ್ರಾನಿಕ್ಸ್, ಮತ್ತೆ ಗಣಿತ ಜಾಸ್ತಿ ಬೇಕು ಎಂದೆ. ಮುಂದಿನ ಶನಿವಾರಕ್ಕೆ ಒಂಬತ್ತು ಮನೆಯ ಚೌಕ ಕೊಟ್ಟು ಕಳಿಸಿದೆ.