ಊಟದ ಲೆಕ್ಕ ಬರೆಯುವಾಗ ಎಣ್ಣೆಯನ್ನೂ ಬರೆಯಿರಿ

ತೂಕ ಇಳಿಸೋಕೆ ಆ್ಯಪ್‌ನಲ್ಲಿ ಊಟ ಬರೆದಿಡುತ್ತಿರುವವರಿಗೆ ಒಂದು ಸಲಹೆ. ದೋಸೆ ಎರಡು, ಅನ್ನ ಒಂದು ಕಪ್ ಅಂತ ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಬಿಟ್ಟುಹೋಗೋದು ಎಣ್ಣೆ. ಒಂದು ದೊಡ್ಡ ಚಮಚ, ಅಂದರೆ 15 ಎಂಎಲ್ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಬಾಟಲಿಯಿಂದ ನೇರವಾಗಿ ಕಾವಲಿಗೆ ಸುರಿದರೆ ಎಷ್ಟು ಬಿತ್ತು ಅಂತ ಗೊತ್ತೇ ಆಗಲ್ಲ, ಅಲ್ವಾ? ಬಾಟಲಿ ಪಕ್ಕದಲ್ಲೇ 5 ಎಂಎಲ್ ಚಮಚ ಒಂದು ಇಟ್ಟುಬಿಡಿ. ಒಗ್ಗರಣೆ, ಪಲ್ಯ, ದೋಸೆ, ಎಲ್ಲಕ್ಕೂ ಅದರಲ್ಲೇ ಅಳೆದು ಹಾಕಿ. ನಾಲ್ಕು ಜನರ ಪಲ್ಯಕ್ಕೆ ಮೂರು ಚಮಚ ಹಾಕಿದ್ದರೆ ನಿಮ್ಮ ಪಾಲು ಮುಕ್ಕಾಲು ಚಮಚ. ಅಷ್ಟನ್ನೇ ಬರೆಯಿರಿ.

ಇನ್ನೊಂದು ಗೊಂದಲ ಅಕ್ಕಿಯದು. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ, 100 ಗ್ರಾಂ ಅನ್ನಕ್ಕೆ ಸುಮಾರು 130. ಬೇಯುವಾಗ ನೀರು ಎಳೆದುಕೊಳ್ಳುವುದರಿಂದ ಈ ವ್ಯತ್ಯಾಸ. ತೂಗಿದ್ದು ಅನ್ನವಾದರೆ ಆ್ಯಪ್‌ನಲ್ಲೂ ಬೆಂದ ಅನ್ನವನ್ನೇ ಆರಿಸಿ.

ಅನ್ನ ಬಿಡಬೇಕಾಗಿಲ್ಲ. ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ ಬಡಿಸಿಕೊಳ್ಳಿ, ಆಮೇಲೆ ಉಳಿದ ಜಾಗಕ್ಕೆ ಅನ್ನ. ಹುಳಿಯಲ್ಲಿ ಬೇಳೆ, ತರಕಾರಿ ಜಾಸ್ತಿ ಇರಲಿ. ಹೊಟ್ಟೆ ತುಂಬಿದರೆ ಸಂಜೆ ಖಾರಾ ಮಿಕ್ಸ್‌ಚರ್ ಡಬ್ಬಕ್ಕೆ ಕೈ ಹೋಗುವುದು ತಾನಾಗಿ ಕಮ್ಮಿಯಾಗುತ್ತದೆ. ಕಾಫಿ ಸಕ್ಕರೆಯನ್ನೂ ಬರೆಯಿರಿ.

ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮಾತ್ರ ಊಟ ಕಮ್ಮಿ ಮಾಡುವ ಮೊದಲು ದಯವಿಟ್ಟು ಡಾಕ್ಟರನ್ನು ಕೇಳಿ. ಸಕ್ಕರೆ ಪ್ರಮಾಣ ಏಕಾಏಕಿ ಇಳಿದು ತಲೆ ಸುತ್ತಬಹುದು.