ಜರ್ಮನಿಯ ಶಾಲೆ: ನಾಲ್ಕನೇ ಕ್ಲಾಸಿಗೇ ಯಾಕೆ ಇಷ್ಟು ಟೆನ್ಷನ್?

ಜರ್ಮನಿಗೆ ಬಂದ ಹೊಸತರಲ್ಲಿ ಇಲ್ಲಿನ ಸ್ಕೂಲು ತುಂಬಾ ಆರಾಮ ಅನಿಸುತ್ತದೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಮಾತೇ ಇಲ್ಲ. ಮಗು ಮೂರನೇ ಕ್ಲಾಸು ದಾಟುತ್ತಿದ್ದ ಹಾಗೆ ಪರಿಚಯದವರೆಲ್ಲ ಕೇಳೋಕೆ ಶುರು ಮಾಡುತ್ತಾರೆ: "ಗಿಮ್ನಾಜಿಯಂ ಸಿಗುತ್ತಾ?"

ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸಿನವರೆಗೆ ಎಲ್ಲ ಮಕ್ಕಳಿಗೂ ಒಂದೇ ಗ್ರುಂಡ್‌ಶೂಲೆ. ಅಲ್ಲಿಂದ ದಾರಿ ಬೇರೆ. ಅಬಿಟುರ್ ಪರೀಕ್ಷೆ ಬರೆದು ಯೂನಿವರ್ಸಿಟಿಗೆ ಹೋಗುವವರಿಗೆ ಗಿಮ್ನಾಜಿಯಂ, ಹತ್ತನೇ ಕ್ಲಾಸಿಗೆ ಮುಗಿಯುವ ರಿಯಾಲ್‌ಶೂಲೆ, ಬೇಗ ಕೆಲಸ ಕಲಿಯಲು ಹೊರಡುವವರಿಗೆ ಹೌಪ್ಟ್‌ಶೂಲೆ (ಬವೇರಿಯಾದಲ್ಲಿ ಇದೇ ಮಿಟ್ಟೆಲ್‌ಶೂಲೆ; ಹಲವು ರಾಜ್ಯಗಳಲ್ಲಿ ಇದು ಈಗ ಇಲ್ಲ). ಎಲ್ಲರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಗೆಸಾಮ್ಟ್‌ಶೂಲೆಯೂ ಕೆಲವು ಕಡೆ ಇದೆ. ಎಸ್‌ಎಸ್‌ಎಲ್‌ಸಿ ಆದಮೇಲೆ ತಲೆ ಕೆಡಿಸಿಕೊಂಡು ಅಭ್ಯಾಸ ಇರುವ ನಮಗೆ, ಹತ್ತು ವರ್ಷದ ಮಗುವನ್ನು ಹೀಗೆ ವಿಂಗಡಿಸೋದು ಸರಿ ಕಾಣುವುದಿಲ್ಲ. ನನಗೂ ಸರಿ ಕಾಣಲ್ಲ.

ಆದರೆ ಎಲ್ಲರೂ ಒಟ್ಟಿಗೆ ಓದುವ ಈ ನಾಲ್ಕು ವರ್ಷವೂ ಜಗಳ ಮಾಡಿಯೇ ಸಿಕ್ಕಿದ್ದು. ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾದ ರಾಜ ಎರಡನೇ ಫ್ರೆಡ್ರಿಕ್ 1763ರಲ್ಲೇ ಮಕ್ಕಳು ಶಾಲೆಗೆ ಬರಲೇಬೇಕು ಅಂತ ಕಾನೂನು ತಂದ. ಅಬಿಟುರ್ ಶುರುವಾಗಿದ್ದು 1788ರಲ್ಲಿ. 1809ರಲ್ಲಿ ಶಿಕ್ಷಣ ಇಲಾಖೆಗೆ ಬಂದ ವಿಲ್ಹೆಲ್ಮ್ ಫಾನ್ ಹುಂಬೋಲ್ಟ್ ಗಿಮ್ನಾಜಿಯಂಗೆ ಒಂದು ರೂಪ ಕೊಟ್ಟ. ಆಮೇಲೂ ಎಷ್ಟೋ ಕಾಲ ಉಳ್ಳವರ ಮಕ್ಕಳು ದುಡ್ಡು ಕಟ್ಟಿ ಬೇರೆ ಪ್ರಾಥಮಿಕ ತರಗತಿಗಳಲ್ಲಿ ಓದಿ ಸೀದಾ ಗಿಮ್ನಾಜಿಯಂಗೆ ಹೋಗುತ್ತಿದ್ದರು, ಕೂಲಿಯವರ ಮಕ್ಕಳ ಪಕ್ಕ ಅವರು ಕೂತಿದ್ದೇ ಇಲ್ಲ. ಇದಕ್ಕೆ ಕಡಿವಾಣ ಹಾಕಿದ್ದು 1920ರ ಕಾನೂನು: ಮೊದಲ ನಾಲ್ಕು ವರ್ಷ ಎಲ್ಲರೂ ಒಂದೇ ಶಾಲೆ. ಇನ್ನೂ ಜಾಸ್ತಿ ವರ್ಷ ಬೇಕು ಅಂದವರಿದ್ದರು, ಬೇಡವೇ ಬೇಡ ಅಂದವರೂ ಇದ್ದರು. ಕೊನೆಗೆ ನಾಲ್ಕಕ್ಕೆ ರಾಜಿಯಾಯಿತು.

ಆ ಎಳೆದಾಟ ಇವತ್ತಿಗೂ ನಿಂತಿಲ್ಲ. 2001ರ ಕೊನೆಯಲ್ಲಿ ಪೀಸಾ (ಬೇರೆ ಬೇರೆ ದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆ ಹೋಲಿಸುವ ಪರೀಕ್ಷೆ) ಮೊದಲ ಫಲಿತಾಂಶ ಬಂದಾಗ ಜರ್ಮನಿ ಸರಾಸರಿಗಿಂತ ಕೆಳಗಿತ್ತು. ಅದಕ್ಕಿಂತ ಅವಮಾನ ಅನಿಸಿದ್ದು, ಮಗುವಿನ ಅಂಕ ಮನೆಯ ಅನುಕೂಲದ ಮೇಲೆ ಇಲ್ಲಿ ಅಷ್ಟೊಂದು ನಿಂತಿದೆ ಅನ್ನೋದು. ಇಷ್ಟಾದರೂ 2010ರಲ್ಲಿ ಹ್ಯಾಂಬರ್ಗ್ ಸರ್ಕಾರ ಒಟ್ಟಿಗೆ ಓದುವ ಕಾಲವನ್ನು ಆರು ವರ್ಷ ಮಾಡಲು ಹೊರಟಾಗ ಜನ ವೋಟು ಹಾಕಿ ಬೇಡ ಅಂದರು. ಗಿಮ್ನಾಜಿಯಂ ಅಪ್ಪ-ಅಮ್ಮಂದಿರನ್ನು ಎದುರು ಹಾಕಿಕೊಳ್ಳಲು ಇಲ್ಲಿ ಯಾವ ಪಕ್ಷಕ್ಕೂ ಧೈರ್ಯ ಇಲ್ಲ, ಬಿಡಿ.

ಈಗ ನಿಮಗೆ ಬೇಕಾದ ಮಾತು. ಶಿಕ್ಷಣ ಇಲ್ಲಿ ರಾಜ್ಯಗಳ ಕೈಯಲ್ಲಿದೆ, ಹದಿನಾರು ರಾಜ್ಯಕ್ಕೂ ಅದರದರ ನಿಯಮ. ಬವೇರಿಯಾದಲ್ಲಿ ನಾಲ್ಕನೇ ಕ್ಲಾಸಿನ ಮೇ ತಿಂಗಳ ಶುರುವಿನಲ್ಲಿ ಒಂದು ಸರ್ಟಿಫಿಕೇಟ್ ಕೊಡುತ್ತಾರೆ. ಜರ್ಮನ್, ಗಣಿತ ಮತ್ತು ಪರಿಸರ-ಸಮಾಜ ಸೇರಿದ ಒಂದು ವಿಷಯ, ಈ ಮೂರರ ಸರಾಸರಿ 2.33ರ ಒಳಗಿದ್ದರೆ ಗಿಮ್ನಾಜಿಯಂ, 2.66ರ ಒಳಗಿದ್ದರೆ ರಿಯಾಲ್‌ಶೂಲೆ. ಅಂದಹಾಗೆ ಇಲ್ಲಿ 1 ಅಂದರೆ ಬೆಸ್ಟ್, 6 ಅಂದರೆ ಢುಮ್ಕಿ. ಅಜ್ಜಿಗೆ ವಿಡಿಯೊ ಕಾಲಿನಲ್ಲಿ ಮಾರ್ಕ್ಸ್ ಹೇಳುವ ಮೊದಲು ಇದನ್ನು ವಿವರಿಸಿಬಿಡಿ. ಸರಾಸರಿ ತಪ್ಪಿದರೆ, ಮಗು ಆ ಶಾಲೆಗೆ ಸರಿಹೋಗುತ್ತಾ ಅಂತ ನೋಡುವ ಮೂರು ದಿನದ ಪರೀಕ್ಷಾ ಪಾಠಕ್ಕೆ ಕೂರಿಸಬಹುದು. ನಾರ್ತ್ ರೈನ್ ವೆಸ್ಟ್‌ಫಾಲಿಯಾದಲ್ಲಿ ಟೀಚರ್ ಶಿಫಾರಸು ಮಾಡುತ್ತಾರೆ ಅಷ್ಟೇ, ತೀರ್ಮಾನ ಅಪ್ಪ-ಅಮ್ಮಂದಿರದ್ದು.

ಮೂರು ವಿಷಯದಲ್ಲಿ ಎರಡು ಪೂರ್ತಿ ಭಾಷೆಯ ಮೇಲೆ ನಿಂತಿವೆ, ಗಣಿತದ ಲೆಕ್ಕವೂ ವಾಕ್ಯದಲ್ಲೇ ಬರುತ್ತೆ. ಹಾಗಾಗಿ ಟ್ಯೂಷನ್‌ಗಿಂತ ಲೈಬ್ರರಿ ಕಾರ್ಡು ಮೊದಲು ಮಾಡಿಸಿ. ಮನೆಯಲ್ಲಿ ಕನ್ನಡ ಬಿಡಬೇಕಾಗಿಲ್ಲ. ನಮ್ಮ ಅರೆಬರೆ ಜರ್ಮನ್ ಕೇಳಿ ಮಗುವಿಗೆ ಏನೂ ಲಾಭ ಇಲ್ಲ.

ಗಿಮ್ನಾಜಿಯಂ ಸಿಗದಿದ್ದರೆ ಮುಗಿದೇಹೋಯ್ತು ಅಂತಲ್ಲ. ರಿಯಾಲ್‌ಶೂಲೆ ಮುಗಿಸಿ ಮೇಲಿನ ವೃತ್ತಿ ಶಾಲೆಗೆ ಸೇರಿ ಅಲ್ಲಿಂದ ಎಂಜಿನಿಯರಿಂಗ್‌ಗೆ ಹೋಗುವವರು ಬೇಕಾದಷ್ಟು ಜನ. ಕಂಪನಿಯಲ್ಲಿ ಸಂಬಳ ತಗೊಂಡು ಕೆಲಸ ಕಲಿಯುವ ಔಸ್‌ಬಿಲ್ಡುಂಗ್‌ಗೂ ಇಲ್ಲಿ ನಿಜವಾದ ಮರ್ಯಾದೆ ಇದೆ.

ಇನ್ನೊಂದು: ಟಿಕೆಟ್ ಅಗ್ಗ ಅಂತ ರಜೆಗೆ ಎರಡು ದಿನ ಮೊದಲೇ ಬೆಂಗಳೂರಿಗೆ ಹೊರಡಬೇಡಿ. ಬವೇರಿಯಾದಲ್ಲಿ ಪೊಲೀಸರು ವಿಮಾನ ನಿಲ್ದಾಣದಲ್ಲೇ ಶಾಲೆ ತಪ್ಪಿಸಿದ ಮಕ್ಕಳನ್ನು ಹಿಡಿದದ್ದುಂಟು. ಮನೆಯಲ್ಲೇ ಓದಿಸುತ್ತೇವೆ ಅನ್ನೋದೂ ನಡೆಯಲ್ಲ.

ಊರು ಬದಲಾಯಿಸುವವರು ಜಾಸ್ತಿ ಹುಷಾರಾಗಿರಬೇಕು. ಬರ್ಲಿನ್‌ನಲ್ಲಿ ಗ್ರುಂಡ್‌ಶೂಲೆ ಆರು ವರ್ಷ. ಅಲ್ಲಿ ಐದನೇ ಕ್ಲಾಸಿನಲ್ಲಿ ಆರಾಮಾಗಿರುವ ಮಗುವಿನ ವಯಸ್ಸಿನವರು ಮ್ಯೂನಿಕ್‌ನಲ್ಲಿ ಆಗಲೇ ಗಿಮ್ನಾಜಿಯಂನಲ್ಲಿ ಕೂತಿರುತ್ತಾರೆ. ಆಫರ್ ಲೆಟರಿಗೆ ಸಹಿ ಹಾಕುವ ಮೊದಲು ಆ ಊರಿನ ಶಾಲೆಗೊಂದು ಫೋನ್ ಮಾಡಿ, ಯಾವ ಕ್ಲಾಸಿಗೆ, ಯಾವ ಶಾಲೆಗೆ ಸೇರಿಸಿಕೊಳ್ಳುತ್ತಾರೆ ಅಂತ ಕೇಳಿಕೊಳ್ಳಿ.