ಬಾಳೆಗೆ ತಲೆನೋವಿನ ಮದ್ದು

2023ರಲ್ಲಿ ಮಳೆ ಕೈಕೊಟ್ಟಿದ್ದು ನೆನಪಿದೆಯಲ್ಲ? ಡಿಸೆಂಬರ್‌ಗೇ ನಮ್ಮ ಬೋರಿನ ನೀರು ಎರಡಿಂಚಿನಿಂದ ಒಂದಿಂಚಿಗೆ ಇಳಿಯಿತು. ಸೊರಬದ ಕಡೆ ನಮ್ಮದು ಒಂದೂವರೆ ಎಕರೆ ಜಿ-9 ತಳಿಯ ಬಾಳೆ. ಡ್ರಿಪ್ ಇದ್ದು ಏನು ಮಾಡೋದು, ಬಿಡಲು ನೀರೇ ಇಲ್ಲ.

ಅಂಗಡಿಯವರು ಕೊಟ್ಟ ಟಾನಿಕ್‌ಗೆ ಎರಡು ಸಾವಿರದಷ್ಟು ಸುರಿದೆ. ಬೆಲ್ಲದ ನೀರು ಹೊಡೆದಿದ್ದರೂ ಅಷ್ಟೇ ಆಗುತ್ತಿತ್ತು. ಆಮೇಲೆ ಹಿಡಿದದ್ದು ಸ್ಯಾಲಿಸಿಲಿಕ್ ಆಸಿಡ್, ನೀರಿನ ಕೊರತೆ ತಾಳಿಕೊಳ್ಳಲು ಗಿಡಕ್ಕೆ ನೆರವಾಗುವ ಪುಡಿ. ಆಸ್ಪಿರಿನ್ ಮಾತ್ರೆಗೂ ಮೂಲ ಅದೇ ಅಂತ ಬಾಯಿ ತಪ್ಪಿ ಹೇಳಿದ್ದೇ ತಡ, ಪಕ್ಕದ ತೋಟದ ಭಾವ ಊರಿಗೆಲ್ಲ ಸಾರಿದರು: "ನಮ್ಮವನ ಬಾಳೆಗೆ ತಲೆನೋವಂತೆ ಮಾರಾಯ್ರೆ!"

ಮೊದಲ ಸಲ ಅವರು ನಕ್ಕಿದ್ದೇ ಸರಿಯಾಯಿತು. 15 ಲೀಟರ್ ಕ್ಯಾನಿಗೆ ದೊಡ್ಡ ಚಮಚದಲ್ಲಿ ಪುಡಿ ಹಾಕಿ, ಬಿಸಿಲಲ್ಲೇ ಹೊಡೆದಿದ್ದೆ. ಕರಗದೆ ತೇಲಿದ್ದು ನಾಜಲ್ ಕಟ್ಟಿತು, ಕರಗಿದ್ದು ಎಲೆ ಸುಟ್ಟಿತು. ಇನ್ನೂರು ಗಿಡದ ಎಲೆಗಳ ಮೇಲೆ ಬೀಡಿ ಚುಚ್ಚಿದಂಥ ಕಲೆ. ಇನ್ನೊಮ್ಮೆ ಗಿಡ ಬಾಡಿದ ಮೇಲೆ ಹೊಡೆದೆ. ಸತ್ತವನಿಗೆ ಕಷಾಯ ಕುಡಿಸಿದ ಹಾಗಾಯಿತು.

ನಡುವೆ ಇನ್ನೊಂದು ಹುಚ್ಚು. ಬೆಳವಣಿಗೆ ತಡೆದು ಹೂ ಬಿಡಿಸಲು ಮಾವಿಗೆ ಹಾಕುವ ಕಲ್ಟಾರ್ ಔಷಧಿ ಉಳಿದಿತ್ತು, ಸುಮ್ನೆ ನಾಲ್ಕು ಬಾಳೆ ಬುಡಕ್ಕೆ ಹಾಕಿದೆ. ಗಿಡ ಗಿಡ್ಡ, ಎಲೆ ಕಡು ಹಸಿರು, ನೋಡೋಕೆ ಚಂದ. ಗೊನೆ ಮಾತ್ರ ಕುತ್ತಿಗೆಯಲ್ಲೇ ಸಿಕ್ಕಿಕೊಂಡಿತು.

ಕಳೆದ ಬೇಸಿಗೆಯಲ್ಲಿ ಕೈ ಹಿಡಿಯಿತು ನೋಡಿ. ಕ್ಯಾನಿಗೆ ಒಂದೂವರೆ ಗ್ರಾಂ ಅಷ್ಟೇ, ಅಂದರೆ 100 ಪಿಪಿಎಂ, ಹತ್ತು ಲಕ್ಷ ಪಾಲಿಗೆ ನೂರು ಪಾಲು. ಅದಕ್ಕೆಂದೇ ಐನೂರು ಚಿಲ್ಲರೆ ಕೊಟ್ಟು ಸಣ್ಣ ತಕ್ಕಡಿ ತಂದೆ. ಪುಡಿಯನ್ನು ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಿ, ಆಮೇಲೆ ನೀರಿಗೆ ಬಿಟ್ಟೆ. ಸಂಜೆ ಹೊತ್ತು, ಎಲೆಯ ಅಡಿ ಚೆನ್ನಾಗಿ ನೆನೆಯುವ ಹಾಗೆ ಹೊಡೆದೆ. ಅಂಟು ಬೆರೆಸದಿದ್ದರೆ ಹನಿ ಜಾರಿ ಹೋಗುತ್ತದೆ. ಯಾವ ಅಂಟು, ಎಷ್ಟು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಜನವರಿ ಕೊನೆಯಲ್ಲಿ, ಗಿಡ ಇನ್ನೂ ಗಟ್ಟಿಯಾಗಿರುವಾಗಲೇ ಮೊದಲ ಸಲ. ಆಮೇಲೆ ಇಪ್ಪತ್ತು ದಿನಕ್ಕೊಂದರಂತೆ ಎರಡು ಸಲ.

ಎರಡು ಸಾಲು ಹಾಗೇ ಬಿಟ್ಟಿದ್ದೆ. ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಎಲೆಯ ಎರಡೂ ಮಗ್ಗುಲು ನೆನೆದ ಕಾಗೆಯ ರೆಕ್ಕೆಯಂತೆ ಜೋತು ಬೀಳುತ್ತಿತ್ತು. ಹೊಡೆದ ಸಾಲುಗಳು ಮಧ್ಯಾಹ್ನ ಒಂದು ಗಂಟೆವರೆಗೂ ಬಿಚ್ಚಿಕೊಂಡೇ ಇದ್ದವು. ನೀರು ಎರಡಕ್ಕೂ ಅರ್ಧ, ಬುಡಕ್ಕೆ ಹಾಕಿದ ದರಗು, ಅಂದರೆ ಒಣ ಎಲೆ, ಎರಡಕ್ಕೂ ಒಂದೇ. ಬಿಟ್ಟ ಸಾಲಿನ ಗೊನೆ 14 ಕಿಲೋ ಆಸುಪಾಸು, ಹೊಡೆದದ್ದು 18ರ ಹತ್ತಿರ. ಅರ್ಧ ಕಿಲೋ ಡಬ್ಬಿಯಲ್ಲಿ ಮುಕ್ಕಾಲು ಪಾಲು ಪುಡಿ ಹಾಗೇ ಇದೆ. ಖರ್ಚಾದದ್ದೆಲ್ಲ ಕೂಲಿಗೆ.

ಭಾವ ಈಗ ನಗೋದಿಲ್ಲ. ಹೋದ ವಾರ ಬಂದು ತಕ್ಕಡಿ ಒಯ್ದರು, ಇನ್ನೂ ವಾಪಸ್ ಕೊಟ್ಟಿಲ್ಲ.